ಎ4 ಹಾಳೆಯ ಮೇಲೊಂದು ಘಾಟಿ ರೈಲು

ಅಮ್ಮನ ಎತ್ತರ ಐದಡಿ ಮೂರಂಗುಲ. ಅಂದರೆ ಹೆಚ್ಚು ಕಡಿಮೆ 160 ಸೆಂಟಿಮೀಟರ್. ನಾನು ರೈಲಿನ ಪುಟ್ಟ ಮಾದರಿ ಕಟ್ಟುವ ಅಳತೆ 1:160, ಅಂದರೆ ನಿಜವಾದದ್ದರ 160ರಲ್ಲಿ ಒಂದು ಪಾಲು. ಹಾಗಾಗಿ ನನ್ನ ಲೋಕದಲ್ಲಿ ಅಮ್ಮ ಸರಿಯಾಗಿ ಒಂದು ಸೆಂಟಿಮೀಟರ್. ಮರ, ಸೇತುವೆ, ಕಂಬ, ಏನು ಮಾಡುವಾಗಲೂ 'ಇದು ಅಮ್ಮನ ಎಷ್ಟು ಪಟ್ಟು?' ಅಂತ ಕೇಳಿಕೊಂಡರೆ ಲೆಕ್ಕ ಮುಗಿಯಿತು.

ಈ ಹುಚ್ಚು ಹತ್ತಿದ್ದು ಪುಣೆಯಲ್ಲಿ. ಅಲ್ಲಿನ ಕೋಥ್ರೂಡ್‌ನಲ್ಲಿರುವ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂನಲ್ಲಿ ಒಂದು ಊರನ್ನೇ ಕಟ್ಟಿ, ಅದರೊಳಗೆ ರೈಲು ಓಡಿಸುತ್ತಾರೆ. ನೋಡಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಊರು ಕಟ್ಟೋದು ಎಲ್ಲಿ? ಮಂಚ ಹೊರಗಿಡಬೇಕಾಗುತ್ತಿತ್ತು. ರೈಲು ಓಡಲೇಬೇಕು ಅಂತೇನಿಲ್ಲ ಅನ್ನೋದು ಹೊಳೆಯಲು ಒಂದು ವರ್ಷ ಬೇಕಾಯಿತು. ಒಂದು ಜಾಗ, ಒಂದು ಹೊತ್ತು, ಅಷ್ಟು ಕಟ್ಟಿದರೂ ಸಾಕು. ಅದೇ ಡಯೋರಾಮಾ. ನನ್ನದು ಎ4 ಹಾಳೆಯಷ್ಟು ಅಗಲ, ಪುಸ್ತಕದ ಕಪಾಟಿನ ಒಂದು ಖಾನೆಯಷ್ಟು ಎತ್ತರ. ಇನ್ನೂ ಸಣ್ಣದು ಬೇಕು ಅನ್ನುವವರಿಗೆ ಜಪಾನಿನವರು ಹುಟ್ಟುಹಾಕಿದ ಟಿ ಗೇಜ್ ಇದೆ. ಅಳತೆ 1:450, ಎರಡು ಹಳಿಗಳ ನಡುವೆ ಬರೀ 3 ಮಿಲಿಮೀಟರ್. ಅದರಲ್ಲಿ ಅಮ್ಮ ಒಂದು ಮೆಂತ್ಯದ ಕಾಳು. ನನ್ನ ಕಣ್ಣಿಗೆ ಅದು ಆಗದ ಮಾತು.

ಯಾವ ಜಾಗ ಕಟ್ಟಬೇಕು ಅನ್ನೋದರಲ್ಲಿ ಅನುಮಾನ ಇರಲಿಲ್ಲ. ಅಜ್ಜಿ ಮನೆ ಸಕಲೇಶಪುರದ ಕಡೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿ ಹಳಿ ಗೊತ್ತಲ್ವಾ, ದೋಣಿಗಲ್, ಎಡಕುಮೇರಿ, ಸಿರಿಬಾಗಿಲು, 57 ಸುರಂಗ. 1979ರಲ್ಲಿ ಶುರುವಾದಾಗ ಅದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್. ಬ್ರಾಡ್ ಗೇಜ್ ಮಾಡೋಕೆ ಅಂತ 1996ರಲ್ಲಿ ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಬಂದಿದ್ದು 2007ರ ಕೊನೆಗೆ. ನನ್ನ ತಲೆಯಲ್ಲಿ ಉಳಿದಿರೋದು ಮುಚ್ಚುವ ಮೊದಲಿನದು. ಕಂದುಗೆಂಪು ಬೋಗಿ, ಶಟರ್ ಎಳೆದರೂ ಒದ್ದೆಯಾಗುವ ತೊಡೆ, ಸುರಂಗ ಬಂದ ಕೂಡಲೇ ಹುಡುಗರ ಕೂಗು.

ಈ ನೆನಪಿನಿಂದ ಒಂದು ದೊಡ್ಡ ತಲೆನೋವು ತಪ್ಪಿತು. ನಮ್ಮ ಬ್ರಾಡ್ ಗೇಜ್ ಹಳಿಯ ಅಗಲ 1676 ಮಿಲಿಮೀಟರ್. 160ರಿಂದ ಭಾಗಿಸಿದರೆ ಹತ್ತೂವರೆ ಬರುತ್ತದೆ. ನನ್ನ 1:160 ಅಳತೆಗೆ ಎನ್ ಸ್ಕೇಲ್ ಅಂತಾರೆ, ಅಂಗಡಿಯಲ್ಲಿ ಸಿಗುವ ಅದರ ಹಳಿ 9 ಮಿಲಿಮೀಟರಿನದು. ಅದರ ಮೇಲೆ ನಮ್ಮ ಬೋಗಿ ನಿಲ್ಲಿಸಿದರೆ ಲಾರಿಗೆ ಆಟೋ ಚಕ್ರ ಹಾಕಿದ ಹಾಗೆ ಕಾಣುತ್ತದೆ. ಮೀಟರ್ ಗೇಜ್ ಆದರೆ ಆರೂಕಾಲು. ಜರ್ಮನಿಯ ಮ್ಯಾರ್ಕ್‌ಲಿನ್ ಕಂಪನಿ 1972ರಲ್ಲಿ ತಂದ ಝಡ್ ಸ್ಕೇಲ್ ಹಳಿ ಇದೆಯಲ್ಲ, ಅದರ ಅಗಲ ಆರೂವರೆ. ಕಾಲು ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಝಡ್ ಹಳಿ 1:220ಕ್ಕೆ ಮಾಡಿದ್ದು. ಸ್ಲೀಪರ್‌ಗಳು (ಹಳಿಯ ಕೆಳಗಿನ ಅಡ್ಡಪಟ್ಟಿಗಳು) ಒಂದರ ಪಕ್ಕ ಒಂದು ಬಾಚಣಿಗೆ ಹಲ್ಲಿನ ಹಾಗೆ ಕೂತಿರುತ್ತವೆ. ಹಳಿ ತಿರುಗಿಸಿ, ಸ್ಲೀಪರ್‌ಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿದೆ. ಮೂರಕ್ಕೊಂದು ಕಿತ್ತು, ಉಳಿದವನ್ನು 4 ಮಿಲಿಮೀಟರ್ ಅಂತರಕ್ಕೆ ಸರಿಸಿದೆ. ಒಂದು ಗೇಣು ಹಳಿಗೆ ಎರಡು ಸಂಜೆ ಹೋಯಿತು. ಘಾಟಿಯ ಏರು ಐವತ್ತಕ್ಕೆ ಒಂದು. ಅಂದರೆ ನನ್ನ 30 ಸೆಂಟಿಮೀಟರಿಗೆ 6 ಮಿಲಿಮೀಟರ್. ಅದನ್ನೂ ಕೊಟ್ಟಿದ್ದೇನೆ. ಯಾರೂ ಗಮನಿಸಿಲ್ಲ, ಗಮನಿಸೋದೂ ಇಲ್ಲ.

ಎಂಜಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೀಟರ್ ಗೇಜಿನ ವೈಡಿಎಂ4 ಡೀಸೆಲ್, ತ್ರೀಡಿ ಪ್ರಿಂಟ್ ಮಾಡಿಸಿದ್ದು, ಉದ್ದ 10 ಸೆಂಟಿಮೀಟರಿಗೂ ಒಂಚೂರು ಕಡಿಮೆ. ನನಗೆ ಮುಖ್ಯವಾಗಿದ್ದು ಮರ.

ಮೊದಲ ಸಲ ವಿದೇಶಿ ರೆಡಿಮೇಡ್ ಮರ ತರಿಸಿ ನೆಟ್ಟಿದ್ದೆ. ಆರೇಳು ಸೆಂಟಿಮೀಟರಿನವು. ಏನೋ ಸರಿಯಿಲ್ಲ ಅನಿಸುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಘಾಟಿಯ ಮರ ಸುಮ್ನೆ 30 ಮೀಟರ್ ಬೆಳೆಯುತ್ತದೆ. ನನ್ನ ಅಳತೆಗೆ ಅದು 19 ಸೆಂಟಿಮೀಟರ್, ಹತ್ತೊಂಬತ್ತು ಅಮ್ಮಂದಿರು! ನಾನು ನೆಟ್ಟಿದ್ದು ಘಾಟಿಯಲ್ಲ, ಲಾಲ್‌ಬಾಗಿನ ನರ್ಸರಿ. ಹೆಚ್ಚಿನ ಮಾದರಿಗಳಲ್ಲಿ ಮರ ಕುಳ್ಳಗಿರಲು ಕಾರಣ ಇಷ್ಟೇ: ರೈಲು ದೊಡ್ಡದಾಗಿ ಕಾಣಲಿ ಅಂತ. ನಮ್ಮ ಘಾಟಿಯಲ್ಲಿ ಅದು ಉಲ್ಟಾ. ಅಲ್ಲಿ ರೈಲು ಒಂದು ಚೇರಟೆ. ಕಾಡಿನೊಳಗೆ ನುಸುಳಿ, ಒಂದು ಕ್ಷಣ ಸೇತುವೆ ಮೇಲೆ ಕಂಡು, ಮತ್ತೆ ಸುರಂಗಕ್ಕೆ ಹೋಗಿಬಿಡುತ್ತದೆ.

ಎಲ್ಲ ಕಿತ್ತುಹಾಕಿದೆ. ಎಲೆಕ್ಟ್ರಿಷಿಯನ್ ಬಿಟ್ಟುಹೋದ ವೈರಿನ ತುಂಡು ಸುಲಿದು, ಮೂವತ್ತು ನಲವತ್ತು ತಾಮ್ರದ ಎಳೆ ಸೇರಿಸಿ ಹುರಿ ಹೊಸೆದೆ. ದಟ್ಟ ಕಾಡಿನ ಮರ ಬೆಳಕಿಗಾಗಿ ಮೇಲಕ್ಕೆ ಓಡುತ್ತದೆ. ಆದ್ದರಿಂದ ಮುಕ್ಕಾಲು ಪಾಲು ಬೋಳು ಕಾಂಡ, ರೆಂಬೆ ತುದಿಗೆ ಮಾತ್ರ. ಕಾಂಡಕ್ಕೆ ಫೆವಿಕಾಲ್ ಸವರಿ ನುಣ್ಣನೆಯ ಮರದ ಪುಡಿ ಉದುರಿಸಿದರೆ ತೊಗಟೆ. ಎಲೆಗೆ ಪಾತ್ರೆ ತಿಕ್ಕುವ ಸ್ಪಂಜು. ಅದನ್ನು ನೀರು ಹಾಕಿ ಮಿಕ್ಸಿಯಲ್ಲಿ ತಿರುವಿ, ಹಿಂಡಿ, ಅಕ್ರಿಲಿಕ್ ಬಣ್ಣದಲ್ಲಿ ಕಲಸಿ ಒಣಗಿಸಬೇಕು. ಇದಕ್ಕೆ ಬೇರೆ ಜಾರ್ ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ. ಮರುದಿನದ ಚಟ್ನಿ ವಿಷಯ ಮನೆಯಲ್ಲಿ ಇವತ್ತಿಗೂ ಬರುತ್ತದೆ.

ಹಸಿರು ಒಂದೇ ಇರಬಾರದು. ಕಪ್ಪಿಗೆ ಹತ್ತಿರದ ಹಸಿರು ಜಾಸ್ತಿ, ಅಲ್ಲಲ್ಲಿ ಚಿಗುರಿನ ತಾಮ್ರದ ಬಣ್ಣ. ಹಿಂದಿನ ಸಾಲಿನ ಮರಗಳಿಗೆ ಬಿಳಿ ಮತ್ತು ಚೂರು ನೀಲಿ ಬೆರೆಸಿದೆ. ಮಂಜು ಮಾಡೋಕೆ ಹತ್ತಿ ಇಟ್ಟು ನೋಡಿದ್ದೆ, ಹರಿದ ರಜಾಯಿ ಥರ ಕಂಡಿತ್ತು. ಬಣ್ಣ ತೆಳುಮಾಡಿದರೆ ಮಂಜು ತಾನೇ ಬರುತ್ತದೆ.

ಇಪ್ಪತ್ತಾರು ಮರ ನೆಟ್ಟು, ಸೇತುವೆಯ ಮೇಲೆ ಎಂಜಿನ್ ಇಟ್ಟು ಅಮ್ಮನನ್ನು ಕರೆದೆ. ಕನ್ನಡಕ ಏರಿಸಿ ನೋಡಿ ಕೇಳಿದರು, "ಚೆನ್ನಾಗಿದೆ ಕಣೋ. ರೈಲೆಲ್ಲಿ?" ಅವತ್ತು ನನಗಾದ ಖುಷಿ ಹೇಳತೀರದು.

ಹಳಿ ನಡುವಿನ ಜಲ್ಲಿಗೆ ಎಂ-ಸ್ಯಾಂಡ್. ರಸ್ತೆ ಪಕ್ಕ ಮನೆ ಕಟ್ಟುತ್ತಿದ್ದವರ ಹತ್ತಿರ ಒಂದು ಲೋಟ ಕೇಳಿ ತಂದೆ. ಗ್ರಾನೈಟ್ ಪುಡಿಯೇ ಅಲ್ವಾ, ಬಣ್ಣ ಹಚ್ಚುವ ಕೆಲಸವಿಲ್ಲ. ಟೀ ಜರಡಿಯಲ್ಲಿ ಒಮ್ಮೆ, ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ ನಡುವಿನದನ್ನು ಇಟ್ಟುಕೊಂಡೆ. ಒಂದು ಹರಳು ಅರ್ಧ ಮಿಲಿಮೀಟರಿಗಿಂತ ಚಿಕ್ಕದಿರಬೇಕು. ಅಂಟಿಸೋದರಲ್ಲಿ ಎಡವಿದೆ. ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರಿನಲ್ಲಿ ಬಿಟ್ಟೆ. ಹನಿ ಒಣ ಮರಳಿನ ಮೇಲೆ ಕೆಸುವಿನೆಲೆಯ ನೀರಿನಂತೆ ಗುಂಡಗೆ ನಿಂತಿತು. ಉರುಳಿ ಹೋದ ಕಡೆಯೆಲ್ಲ ಗುಂಡಿ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಹಾಕಿದ ನೀರನ್ನು ಇಬ್ಬನಿಯ ಹಾಗೆ ಸಿಂಪಡಿಸಬೇಕು. ಆಮೇಲೆ ಅಂಟು ಬಿಟ್ಟರೆ ಬತ್ತಿ ಎಣ್ಣೆ ಹೀರಿದಂತೆ ಒಳಗೆ ಹೋಗುತ್ತದೆ. ನಿಜವಾಗಿ ರೈಲು ಓಡಿಸುವವರು ಮರಳಿನ ಮೇಲೆ ಅಯಸ್ಕಾಂತ ಆಡಿಸಿ, ಕಬ್ಬಿಣದ ಅಂಶವಿರುವ ಕಣಗಳನ್ನು ತೆಗೆಯಬೇಕು. ಇಲ್ಲದಿದ್ದರೆ ಮೋಟಾರಿಗೆ ಹೋಗಿ ಕೂರುತ್ತವೆ.

ಹುಲ್ಲು ನಿಲ್ಲಿಸೋಕೆ ಸೊಳ್ಳೆ ಬ್ಯಾಟು! ತಮಾಷೆಯಲ್ಲ. ಬ್ಯಾಟಿನ ಬಲೆ ತೆಗೆದು ಒಂದು ತಂತಿಯನ್ನು ಸ್ಟೀಲ್ ಟೀ ಜರಡಿಗೆ, ಇನ್ನೊಂದನ್ನು ಒದ್ದೆ ಅಂಟಿನಲ್ಲಿ ಚುಚ್ಚಿದ ಗುಂಡುಪಿನ್ನಿಗೆ ಕೊಡುತ್ತಾರೆ. ಜರಡಿಯಲ್ಲಿ 2 ಮಿಲಿಮೀಟರಿನ ನೈಲಾನ್ ಎಳೆ ಹಾಕಿ ಅಲುಗಿಸಿದರೆ, ಎಳೆಗಳು ಮೈ ರೋಮದ ಹಾಗೆ ನೆಟ್ಟಗೆ ಬಂದು ನಿಲ್ಲುತ್ತವೆ. ಸ್ವಿಚ್ ಆಫ್ ಮಾಡಿದೆ ಅಂತ ಜರಡಿ ಮುಟ್ಟಿದೆ. ಕೆಪಾಸಿಟರಿನಲ್ಲಿ ಇನ್ನೂ ಜೀವ ಇತ್ತು. ಜರಡಿ ಒಂದು ಕಡೆ, ನಾನೊಂದು ಕಡೆ, ಹುಲ್ಲು ಇಡೀ ಕೋಣೆಗೆ. ಈಗ ಪ್ರತಿ ಸಲ ಎರಡೂ ತಂತಿ ತಾಗಿಸಿ ಚಟ್ ಅನ್ನಿಸಿಯೇ ಕೈ ಹಾಕೋದು. ಬ್ಯಾಟು ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಇದರ ತಂಟೆಗೆ ಹೋಗಬೇಡಿ. ರೆಡಿಮೇಡ್ ಸಿಗುತ್ತದೆ.

ದೊಡ್ಡ ತಪ್ಪು ಪಾಚಿಯದು. ಅಜ್ಜಿ ಮನೆ ಬಾವಿಕಟ್ಟೆಯಿಂದ ಕೆತ್ತಿ ತಂದ ನಿಜವಾದ ಪಾಚಿಯನ್ನು ಬಂಡೆಗಳಿಗೆ ಅಂಟಿಸಿದ್ದೆ. ಬಂಡೆ ಅಂದರೆ ಮುದುಡಿದ ಅಲ್ಯುಮಿನಿಯಂ ಹಾಳೆಗೆ ಸುರಿದ ಪ್ಲಾಸ್ಟರ್ ಆಫ್ ಪ್ಯಾರಿಸ್. ಒಂದು ವಾರ ಸ್ವರ್ಗ. ಮೂರನೇ ವಾರಕ್ಕೆ ಪಾಚಿ ಚಿಕೋರಿ ಬಣ್ಣಕ್ಕೆ ತಿರುಗಿತು. ಜುಲೈನಲ್ಲಿ ಸುರಂಗದ ಬಾಯಿಗೆ ಬಿಳಿ ಬೂಷ್ಟು. ಅದರ ಬೆನ್ನಿಗೇ ಸಣ್ಣ ಹುಳ. ಪೂರ್ತಿ ಎಡಬದಿ ಕೆರೆದು ತೆಗೆದೆ. ಈಗ ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದು ಪಾಲು, ನೀರು ಎರಡು ಪಾಲು, ಚೂರು ಹಸಿರು ಬಣ್ಣ ಸೇರಿಸಿ ಪಾಚಿಯನ್ನು ಕೆಲವು ದಿನ ನೆನೆಸಿ ಒಣಗಿಸುತ್ತೇನೆ. ಮೆತ್ತಗೇ ಉಳಿಯುತ್ತದೆ. ಕಾಡಿನ ನೆಲಕ್ಕೆ ಹಾಕುವ ಮಣ್ಣು, ಟೀ ಚರಟ ಎರಡನ್ನೂ ಬಾಣಲೆಯಲ್ಲಿ ಹುರಿದ ಮೇಲೆಯೇ ಬಳಸೋದು.

ಮಳೆ ಬಂದು ನಿಂತ ಹೊತ್ತು ಬೇಕಿತ್ತು. ಬಂಡೆ, ಸ್ಲೀಪರ್, ಗರ್ಡರಿಗೆ ಹೊಳಪಿನ ವಾರ್ನಿಶ್ ತೆಳ್ಳಗೆ ಹೊಡೆದೆ. ಮೇಲೆ ಎಲ್‌ಇಡಿ ಪಟ್ಟಿ, ಅದರ ಕೆಳಗೆ ಬಟರ್ ಪೇಪರ್. ಮೋಡದ ಬೆಳಕಿಗೆ ನೆರಳು ಇರಬಾರದು. ಫೋಟೋ ತೆಗೆಯುವಾಗ ಫೋನನ್ನು ತಲೆಕೆಳಗಾಗಿ ಹಿಡಿಯಿರಿ. ಕ್ಯಾಮೆರಾ ಕೆಳಗೆ ಬಂದು, ಒಂದು ಸೆಂಟಿಮೀಟರಿನ ಅಮ್ಮ ನಿಂತು ನೋಡಿದಷ್ಟು ಎತ್ತರದಿಂದ ಘಾಟಿ ಕಾಣುತ್ತದೆ.

ಕೊನೆಗೆ ಒಬ್ಬ ಮನುಷ್ಯ ಬೇಕಾಗಿತ್ತು. ಮಳೆಗಾಲದಲ್ಲಿ ಹಳಿ ನೋಡಿಕೊಂಡು ನಡೆಯುವ ಕೀಮ್ಯಾನ್. ಜರ್ಮನಿಯ ಪ್ರೈಸರ್ ಕಂಪನಿಯ ಬೊಂಬೆಗಳಲ್ಲಿ ಬೆಟ್ಟ ಹತ್ತುವ ಒಬ್ಬ ಸಿಕ್ಕ. ಬೆನ್ನಿನ ಚೀಲ ಕೆರೆದೆ, ಹ್ಯಾಟಿನ ಅಂಚು ಕತ್ತರಿಸಿದೆ. ಟಿಶ್ಯೂ ಕಾಗದದ ಉಗುರಗಲದ ಚೂರನ್ನು ಅಂಟಿನಲ್ಲಿ ಅದ್ದಿ, ಸೂಜಿ ಮೊನೆಯಿಂದ ತಲೆಯ ಮೇಲೆ ಮಡಚಿ ಇಳಿಬಿಟ್ಟೆ. ಕಪ್ಪು ಬಣ್ಣ ಮುಟ್ಟಿಸಿದ ಕೂಡಲೇ ಕಂಬಳಿ ಕೊಪ್ಪೆ. ಬವೇರಿಯಾದವನು ಒಂದೇ ನಿಮಿಷದಲ್ಲಿ ಸಕಲೇಶಪುರದವನಾದ. ನಿಲ್ಲಿಸುವಾಗ ಚಿಮಟದಿಂದ ಜಾರಿ ಕಣಿವೆಗೆ ಬಿದ್ದ. ಟಾರ್ಚ್ ಹಿಡಿದು ಒಂದು ಗಂಟೆ ಹುಡುಕಿದೆ. ಕೊನೆಗೆ ನನ್ನ ಅಂಗಿಯ ತೋಳಿಗೇ ಅಂಟಿಕೊಂಡಿದ್ದ, ಕಂಬಳಿ ಸಮೇತ. ಈಗ ಸುರಂಗದ ಬಾಯಿಯ ಪಕ್ಕ, ಗೋಡೆಗೆ ಒತ್ತಿಕೊಂಡು, ರೈಲಿಗೆ ದಾರಿ ಬಿಟ್ಟು ನಿಂತಿದ್ದಾನೆ.