ಬಾಗಿಲಲ್ಲಿ ನಿಂಬೆಹಣ್ಣು ಕಂಡರೆ: ಆತ್ಮಿಕ ಹೋರಾಟಕ್ಕೆ ಟೊಂಕ ಕಟ್ಟುವುದು ಹೇಗೆ?

ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿರುವ ನಮ್ಮ ಚಿಗವ್ವ ಕಸ ಹೊಡೆಯಲೆಂದು ಬಾಗಿಲು ತೆಗೆದರೆ ಹೊಸ್ತಿಲ ಬದಿಗೆ ಒಂದು ನಿಂಬೆಹಣ್ಣು. ನಡುವೆ ಸೀಳಿ ಕುಂಕುಮ ಮೆತ್ತಿತ್ತು; ಪಕ್ಕದಲ್ಲಿ ಎರಡು ಒಣ ಮೆಣಸಿನಕಾಯಿ, ಒಂದು ಚೂರು ಇದ್ದಿಲು. ಆ ತಿಂಗಳು ಆ ಮನೆಯಲ್ಲಿ ಒಂದೂ ನೆಟ್ಟಗಿರಲಿಲ್ಲ. ಕಾಕಾಗೆ ಸಕ್ಕರೆ ಕಾಯಿಲೆ ಏರಿ ಕಾಲಿನ ಗಾಯ ಮಾಯುತ್ತಿರಲಿಲ್ಲ, ಮಗನ ಕೆಲಸ ಹೋಗಿತ್ತು, ಚಿಗವ್ವನಿಗೆ ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೆ ನಿದ್ದೆಯಿಲ್ಲ. ಆರು ಗಂಟೆಗೇ ಫೋನು ಬಂತು. ‘ತಮ್ಮಾ, ನಮಗ ಯಾರೋ ಏನೋ ಮಾಡಿಸ್ಯಾರ. ಯಾರು ಅಂತನೂ ನನಗ ಗೊತ್ತೈತಿ.’

ನಿಂಬೆಹಣ್ಣಿಗೆ ನಾನು ಹೆದರಲಿಲ್ಲ. ಆ ಎರಡನೇ ಮಾತಿಗೆ ಹೆದರಿದೆ.

ಸತ್ಯವೇದ ಓದುವ, ಭಾನುವಾರ ತಪ್ಪದೆ ಆರಾಧನೆಗೆ ಹೋಗುವ ಮನೆಗಳಿಗೂ ಇಂಥ ಬೆಳಗು ಬರುತ್ತದೆ. ಆಗ ಯಾವುದು ಮೊದಲು, ಯಾವುದು ಆಮೇಲೆ? ನಾನು ಅಯ್ಯನವರಲ್ಲ, ಓಣಿಯಲ್ಲಿ ಮನೆಪ್ರಾರ್ಥನೆ ನಡೆಸುವ ಸಾಮಾನ್ಯ ವಿಶ್ವಾಸಿ. ಎಡವಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಮನುಷ್ಯರ ಹೆಸರು ಅಳಿಸಿ

ಆತ್ಮಿಕ ಯುದ್ಧ ಎಂದೊಡನೆ ನಾವು ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ತೆಗೆದು ನೇರ ಗುರಾಣಿ, ಕತ್ತಿಗೆ ಕೈಹಾಕುತ್ತೇವೆ. ಅದಕ್ಕೂ ಮುಂಚೆ, 12ನೇ ವಚನದಲ್ಲಿ ಪೌಲ ಒಂದು ಮಾತು ಹೇಳಿ ಮುಗಿಸಿದ್ದಾನೆ: ನಾವು ಹೋರಾಡುವುದು ಮನುಷ್ಯಮಾತ್ರದವರ ಸಂಗಡವಲ್ಲ. ಈ ಮಾತು ಯಾವ ಊರಿನವರಿಗೆ ಹೋಯಿತು ನೋಡಿ. ಎಫೆಸ ಮಾಟಮಂತ್ರಕ್ಕೆ ಹೆಸರಾದ ಊರು. ಅಲ್ಲಿ ವಿಶ್ವಾಸಕ್ಕೆ ಬಂದವರು ತಮ್ಮ ಮಂತ್ರದ ಪುಸ್ತಕಗಳನ್ನೆಲ್ಲ ತಂದು ಸುಟ್ಟಾಗ ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ ಆಯಿತೆಂದು ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ಹೇಳುತ್ತದೆ. ಅಂಥ ಊರಿನವರಿಗೂ ಪೌಲ ಇಂಥವರೇ ಮಾಡಿಸಿದ್ದಾರೆ, ಹುಡುಕಿ ಎನ್ನಲಿಲ್ಲ.

ನಮ್ಮ ಕಡೆ ಕೆಡುಕಾದ ಕೂಡಲೇ ಬಾಯಿಗೆ ಬರುವ ಪ್ರಶ್ನೆ ‘ಯಾರು ಮಾಡಿಸ್ಯಾರ?’ ಎಂಬುದು. ನೆಗೆಣ್ಣಿಯೋ, ಹೊಲದ ಬದುವಿಗೆ ಜಗಳವಾಡಿದ ದಾಯಾದಿಯೋ, ಎದುರು ಮನೆಯವಳೋ. ಹೆಸರು ಸಿಕ್ಕಿತೋ, ಎರಡು ಮನೆಗಳ ನಡುವೆ ಮಾತು ನಿಂತಿತು, ಮಕ್ಕಳು ಕೂಡಿ ಆಡುವುದು ನಿಂತಿತು. ನಿಂಬೆಹಣ್ಣಿನಿಂದ ಆಗದ ಕೆಲಸ ಆ ಒಂದು ಹೆಸರಿನಿಂದ ಆಯಿತು. ಸೈತಾನನಿಗೆ ಇದಕ್ಕಿಂತ ಅಗ್ಗದ ಗೆಲುವು ಎಲ್ಲಿ ಸಿಕ್ಕೀತು?

ಆದ್ದರಿಂದ ಒಂದು ಹಾಳೆ ತೆಗೆದುಕೊಳ್ಳಿ. ಯಾರ ಮೇಲೆ ಸಂಶಯವಿದೆಯೋ ಅವರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರ ಮನೆಯ ಒಂದು ತ್ರಾಸು ಬರೆಯಿರಿ: ಮೊಣಕಾಲು ನೋವು, ಮಗಳ ಮದುವೆ, ಸಂಘದ ಸಾಲ. ವಾರಕಾಲ ಆ ತ್ರಾಸಿಗಾಗಿ ಪ್ರಾರ್ಥಿಸಿ. ವೈರಿಗಳಿಗಾಗಿ ಪ್ರಾರ್ಥಿಸಿರಿ ಎಂದು ಯೇಸು ಹೇಳಿದ್ದು ಇಂಥ ಹಾಳೆ ಹಿಡಿದಾಗಲೇ ಅರ್ಥವಾಗುವುದು. ಚಿಗವ್ವ ಬರೆದದ್ದು ಒಂದೇ ಹೆಸರು. ಅದರ ಮುಂದೆ ಏನು ಬರೆಯಬೇಕೆಂದು ಅವಳಿಗೆ ಎರಡು ದಿನ ತಿಳಿಯಲಿಲ್ಲ. ಎದುರು ಮನೆಯವಳ ಗಂಡ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಾನೆಂಬುದು ಆಮೇಲೆ ನೆನಪಾಯಿತಂತೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನೆರೆಯವರ ಪೂಜೆ, ಗುಡಿ, ದರ್ಗಾ ನಮ್ಮ ರಣರಂಗವಲ್ಲ. ಅವರ ಮನೆ ಮುಂದೆ ನಿಂತು ಗದರಿಸಿ ಪ್ರಾರ್ಥಿಸುವುದನ್ನು ಧೈರ್ಯ ಅಂದುಕೊಂಡವರು 12ನೇ ವಚನವನ್ನು ಮತ್ತೊಮ್ಮೆ ಓದಬೇಕು.

‘ಹಂಗಾದ್ರ ಈ ನಿಂಬೆಹಣ್ಣು? ಎಣ್ಣಿ ಹಚ್ಚಿ, ಪ್ರಾರ್ಥನಾ ಮಾಡಿ ತಗೀಬೇಕೇನು?’

‘ಕಸಬರಗಿ ಸಾಕು, ಚಿಗವ್ವಾ. ಎಂಟಕ್ಕ ಕಸದ ಗಾಡಿ ಬರ್ತೈತಲ್ಲ.’

ಕಾಯಿಲೆಗೆ ದವಾಖಾನೆ

ಎರಡನೆಯ ಕೆಲಸವನ್ನು ಅದೇ ದಿನ ಮಾಡಿ. ಮಾಯದ ಗಾಯ, ಬಾರದ ನಿದ್ದೆ, ಕಾರಣವಿಲ್ಲದ ಅಳು, ಯಾರೋ ಕರೆದಂತೆ ಕೇಳುವ ದನಿ, ಮೈ ಸೆಟೆಯುವುದು ಇವೆಲ್ಲ ಮೊದಲು ವೈದ್ಯರ ಮುಂದೆ ಹೋಗಬೇಕಾದ ಸಂಗತಿಗಳು. ಪ್ರವಾದಿ ಎಲೀಯನ ಕಥೆ ನೋಡಿ. ಸಾಕಾಗಿಹೋಗಿದೆ, ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಬಿದ್ದವನಿಗೆ ದೇವದೂತ ಬುದ್ಧಿ ಹೇಳಲಿಲ್ಲ, ಅವನಿಂದ ದೆವ್ವ ಬಿಡಿಸಲೂ ಇಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ. ಎಲೀಯ ಉಂಡು ಮಲಗಿದ. ಎಬ್ಬಿಸಿ ಮತ್ತೆ ಉಣಿಸಿದ. ದೇವರ ಮಾತು ಬಂದದ್ದು ಅದಾದ ಮೇಲೆ. ಪೌಲನ ಜೊತೆಗಾರ ಲೂಕನೂ ವೈದ್ಯನೇ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಯುರೋಪಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಪ್ರಾರ್ಥನೆಯ ಜೊತೆಗೇ ಶಾಲೆ ಬಂತು, ಔಷಧ ಬಂತು. ಬೆಟಗೇರಿಯ ಆ ದವಾಖಾನೆಯನ್ನು ಹಳಬರು ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮೊಣಕಾಲೂರಿ ಪ್ರಾರ್ಥಿಸಿ, ಎದ್ದು ಗುಳಿಗೆ ನುಂಗುವುದರಲ್ಲಿ ಅವರಿಗೆ ಏನೂ ತೊಡಕು ಕಾಣಲಿಲ್ಲ. ಈಗ ಮನಸ್ಸಿನ ಕಾಯಿಲೆಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲು ನಾಚಿಕೆಯಾದರೆ ಮನೆಯಿಂದಲೇ ಸರ್ಕಾರದ ಮನೋಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನು ಮಾಡಬಹುದು, ದುಡ್ಡು ಬೇಕಿಲ್ಲ.

ದೆವ್ವ ಬಿಡಿಸುತ್ತೇವೆಂದು ಕಟ್ಟಿಹಾಕಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕರ್ನಾಟಕ ಕಾಯ್ದೆಯಡಿ ಅಪರಾಧ. ಮಾಡುವವರು ಯೇಸುವಿನ ಹೆಸರು ಹೇಳಿದರೂ ಅಪರಾಧವೇ. ಕಥೋಲಿಕ ಸಭೆಯಲ್ಲಂತೂ ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಭೂತೋಚ್ಚಾಟನೆಗೆ ಕೈಹಾಕುವಂತಿಲ್ಲ. ಗುಳಿಗೆ ಬಿಡು, ನಂಬಿಕೆ ಸಾಕು ಎನ್ನುವವರು, ಮಾಡಿಸಿದವರ ಹೆಸರು ಹೇಳುವವರು, ಕಾಣಿಕೆಯ ಮೊತ್ತ ಮೊದಲೇ ಗೊತ್ತುಮಾಡುವವರು ಈ ಮೂವರಿಂದ ದೂರ ಇರಿ. ನಮ್ಮ ಹತ್ತಿರದ ಒಬ್ಬರು ಹೀಗೆ ಒಬ್ಬ ಪ್ರಾರ್ಥನಾವೀರರ ಮಾತು ಕೇಳಿ ಫಿಟ್ಸಿನ ಗುಳಿಗೆ ನಿಲ್ಲಿಸಿ, ಹನ್ನೊಂದನೇ ದಿನ ಬಚ್ಚಲಲ್ಲಿ ಬಿದ್ದರು. ಹಣೆಯ ಮೇಲೆ ಹೊಲಿಗೆಯ ಗುರುತು ಈಗಲೂ ಇದೆ.

ನಿಲ್ಲುವುದು

ಈಗ ಆಯುಧಕ್ಕೆ ಬರೋಣ. ಎಫೆಸದವರಿಗೆ ಬರೆದ ಆ 6ನೇ ಅಧ್ಯಾಯದಲ್ಲಿ ಪೌಲ ಅಟ್ಟಿಸಿಕೊಂಡು ಹೋಗಿ ಎನ್ನುವುದಿಲ್ಲ. 11ರಿಂದ 14ನೇ ವಚನದೊಳಗೆ ನಿಲ್ಲು, ಎದುರಿಸಿ ನಿಲ್ಲು ಎಂಬ ಮಾತೇ ನಾಲ್ಕು ಸಲ ಬರುತ್ತದೆ.

ಗದಗ, ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡಿದವರು ವೀರಗಲ್ಲು ನೋಡಿಯೇ ಇರುತ್ತೀರಿ. ಕೆಳಗಿನ ಸಾಲಿನಲ್ಲಿ ಕತ್ತಿ ಗುರಾಣಿ ಹಿಡಿದವನು, ಹಲವು ಕಲ್ಲುಗಳಲ್ಲಿ ಅವನ ಹಿಂದೆ ದನಗಳ ಸಾಲು. ಊರ ದನ ಹೊಡೆದುಕೊಂಡು ಹೋಗಲು ಬಂದವರನ್ನು ಊರಂಚಿನಲ್ಲಿ ತಡೆದು ನಿಂತವನು ಅವನು. ಯಾವ ರಾಜ್ಯವನ್ನೂ ಗೆಲ್ಲಲು ಹೊರಟವನಲ್ಲ. ತನ್ನದಾಗಿದ್ದನ್ನು ಬಿಟ್ಟುಕೊಡಲಿಲ್ಲ, ಅಷ್ಟೇ. ಪೌಲನ ‘ನಿಲ್ಲು’ ನನಗೆ ಅರ್ಥವಾದದ್ದು ಆ ಕಲ್ಲಿನ ಮುಂದೆ. ಆದರೆ ಒಂದು ವ್ಯತ್ಯಾಸ ಉಂಟು. ಕಲ್ಲಿನ ವೀರ ನಿಂತು ಸತ್ತ. ನಮ್ಮ ಕಾಳಗದಲ್ಲಿ ಸಾಯಬೇಕಾದವನು ಆಗಲೇ ಸತ್ತು ಎದ್ದಿದ್ದಾನೆ. ಶಿಲುಬೆಯಲ್ಲೇ ವೈರಿಯ ಆಯುಧ ಕಿತ್ತುಕೊಂಡಾಯಿತೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ 2:15 ಹೇಳುತ್ತದೆ. ಗೆದ್ದ ನೆಲದ ಮೇಲೆ ನಿಲ್ಲುವುದಷ್ಟೇ ನಮಗೆ ಉಳಿದದ್ದು. ವಿಶ್ವಾಸಿಯ ಧೈರ್ಯದ ಬೇರು ಇದು. ಗಂಟಲಿನ ಏರುದನಿಯಿಂದ ಬರುವಂಥದ್ದಲ್ಲ.

ಪೌಲನ ಆಯುಧಗಳ ಪಟ್ಟಿಯಲ್ಲಿ ಮೊದಲನೆಯದು ಸತ್ಯವೆಂಬ ನಡುಕಟ್ಟು. ನಮ್ಮಲ್ಲಿ ಕೆಲಸಕ್ಕೆ ಸಿದ್ಧನಾದವನು ಟೊಂಕ ಕಟ್ಟಿ ನಿಲ್ಲುತ್ತಾನೆ, ಹೆಣ್ಣುಮಕ್ಕಳು ಸೆರಗನ್ನು ಟೊಂಕಕ್ಕೆ ಸಿಗಿಸುತ್ತಾರೆ. ಸಡಿಲ ಬಿಟ್ಟರೆ ಕಾಲಿಗೆ ತೊಡರುವುದು ನಮ್ಮದೇ ಬಟ್ಟೆ. ಮುಚ್ಚಿಟ್ಟ ಸುಳ್ಳೂ ಹಾಗೆಯೇ. ಚಿಗವ್ವನ ಮಗ ಕೆಲಸ ಹೋದದ್ದನ್ನು ಮೂರು ವಾರ ಹೆಂಡತಿಗೆ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೋಗಿ ಉಣಕಲ್ ಕೆರೆಯ ದಂಡೆಯ ಮೇಲೆ ಕೂತು ಬರುತ್ತಿದ್ದ. ಆ ಮನೆಯಲ್ಲಿ ಏನೋ ಸೇರಿಕೊಂಡಿದೆ ಎಂದು ಚಿಗವ್ವನಿಗೆ ಅನ್ನಿಸಿದ್ದು ಪೂರ್ತಿ ಸುಳ್ಳೇನಲ್ಲ. ಅವನು ಬಾಯಿಬಿಟ್ಟು ಹೇಳಿದ ರಾತ್ರಿ ಅಳು ಆಯಿತು, ಜಗಳವೂ ಆಯಿತು. ಆದರೂ ಮನೆ ಹಗುರಾಯಿತು.

ಸಿಟ್ಟಿನ ಲೆಕ್ಕವೂ ಇದರ ಜೊತೆಯದು. ಹೊತ್ತು ಮುಳುಗುವುದರೊಳಗೆ ಸಿಟ್ಟು ತೀರಲಿ, ಸೈತಾನನಿಗೆ ಅವಕಾಶ ಕೊಡಬೇಡಿ ಎಂದು ಅದೇ ಪತ್ರಿಕೆಯ 4ನೇ ಅಧ್ಯಾಯ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇನ್ನು ಎಲ್ಲಕ್ಕೂ ಇರಲಿ ಎಂದು ಶಿಲುಬೆಯ ಜೊತೆ ತಾಯತವನ್ನೂ ಕಟ್ಟಿಕೊಂಡವರು ಅದನ್ನು ಬಿಚ್ಚಿಡಿ. ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ನಿಲ್ಲಲು ನೆಲವೆಲ್ಲಿ?

ನಂಬಿಕೆಯೆಂಬ ಗುರಾಣಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪೌಲ ಬಳಸಿದ ಗ್ರೀಕ್ ಪದ ಬಂದದ್ದು ‘ಬಾಗಿಲು’ ಎಂಬ ಪದದಿಂದ. ಮರಕ್ಕೆ ತೊಗಲು ಹೊದಿಸಿದ, ಬಾಗಿಲಿನಂಥ ದೊಡ್ಡ ಗುರಾಣಿ. ಬಾಣಗಳು ಬರುವುದೇ ಇಲ್ಲ ಎಂದು ಅವನು ಹೇಳಲಿಲ್ಲ. ಅಗ್ನಿಬಾಣ ಬಂದರೆ ಆರಿಸಬಹುದು ಎಂದ. ಆ ಬಾಣಗಳು ಹೆಚ್ಚಾಗಿ ಆಲೋಚನೆಗಳೇ. ಪ್ರಕಟನೆ 12:10ರಲ್ಲಿ ಸೈತಾನನಿಗೆ ದೂರುಗಾರನೆಂದೇ ಹೆಸರು. ದೂರು ಯಾವುದು, ದೇವರ ಎಚ್ಚರಿಕೆ ಯಾವುದು ಎಂದು ಗುರುತಿಸಲು ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ‘ನಿನ್ನೆ ಅಣ್ಣನಿಗೆ ಸುಳ್ಳು ಹೇಳಿದೆ, ಹೋಗಿ ಸರಿಮಾಡು’ ಎಂಬ ಮಾತಿಗೆ ವಿಳಾಸವಿದೆ, ಮಾಡಲು ಕೆಲಸವಿದೆ. ‘ನೀನು ಯಾತಕ್ಕೂ ಬರದವಳು, ದೇವರು ನಿನ್ನ ಕೈಬಿಟ್ಟಿದ್ದಾನೆ’ ಎಂಬುದಕ್ಕೆ ತಲೆಯಿಲ್ಲ ಬುಡವಿಲ್ಲ. ಮೊದಲನೆಯದನ್ನು ಕೇಳಿ. ಎರಡನೆಯದಕ್ಕೆ ಗುರಾಣಿ ಹಿಡಿಯಿರಿ.

ರಾತ್ರಿ ಎರಡಕ್ಕೆ

ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತಿದ್ದರೆ ಕತ್ತಲಲ್ಲಿ ಮಲಗಿಕೊಂಡೇ ಸೈತಾನನ ಜೊತೆ ವಾದಕ್ಕೆ ಇಳಿಯಬೇಡಿ. ಎದ್ದು ದೀಪ ಹಚ್ಚಿ. ನೀರು ಕುಡಿಯಿರಿ. ಗೋಡೆಗೆ ಬೆನ್ನು ಕೊಟ್ಟು ಕೂತು, ಬಾಯಿಬಿಟ್ಟು, ನಿಮ್ಮ ಕಿವಿಗೆ ಕೇಳುವಷ್ಟು ದನಿಯಲ್ಲಿ 91ನೇ ಕೀರ್ತನೆ ಹೇಳಿ. ಪೂರ್ತಿ ಬಾರದಿದ್ದರೆ ಮೊದಲ ಎರಡು ವಚನ ಸಾಕು. ಅದೂ ಬಾರದಿದ್ದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಇದೆ, ಅದರಲ್ಲೇ ಕೇಡಿನಿಂದ ತಪ್ಪಿಸು ಎಂಬ ಬೇಡಿಕೆಯೂ ಇದೆ. ಅಡವಿಯಲ್ಲಿ ಯೇಸು ಕೂಡ ಉದ್ದುದ್ದ ಮಾತಾಡಲಿಲ್ಲ. ಮೂರು ಶೋಧನೆಗೆ ಮೂರು ಚಿಕ್ಕ ಉತ್ತರ, ಮೂರೂ ಧರ್ಮೋಪದೇಶಕಾಂಡದಿಂದ. ಬಾಯಿಪಾಠ ಇದ್ದದ್ದರಿಂದಲೇ ಬೇಕಾದಾಗ ಬಂತು. ಅದೇ ಹೊತ್ತಿನಲ್ಲಿ ಸೈತಾನನೂ ಇದೇ 91ನೇ ಕೀರ್ತನೆಯನ್ನು ಹೇಳಿ ಗುಡಿಯ ಶಿಖರದಿಂದ ಧುಮುಕು ಎಂದನೆಂಬುದನ್ನು ಮರೆಯಬೇಡಿ. ವಚನ ಬಾಯಲ್ಲಿದ್ದರೆ ಸಾಲದು, ಹಿಂದೆ ಮುಂದೆ ಓದಿರಬೇಕು.

ಚಿಗವ್ವ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ಯಾಕೋಬ 4:7 ಬರೆದ ಚೀಟಿ ಅಂಟಿಸಿದ್ದಾಳೆ. ರೊಟ್ಟಿ ಬಡಿಯುವಾಗೆಲ್ಲ ಓದಿ ಓದಿ ಈಗ ಚೀಟಿಯ ಮೇಲೆ ಹಿಟ್ಟಿನ ಬೆರಳಚ್ಚೇ ಹೆಚ್ಚು. ‘ಸೈತಾನನನ್ನು ಎದುರಿಸಿರಿ’ ಎಂಬುದಕ್ಕಿಂತ ಮುಂಚೆ ‘ದೇವರಿಗೆ ಒಳಗಾಗಿರಿ’ ಎಂದಿದೆ ಎಂದು ನನಗೆ ತೋರಿಸಿದವಳು ಅವಳೇ. ನಾನು ಎಷ್ಟೋ ಸಲ ಆ ವಚನದ ಮೇಲೆ ಮಾತಾಡಿದ್ದೆ.

ಒಬ್ಬರೇ ಬೇಡ

‘ಧರಿಸಿಕೊಳ್ಳಿರಿ’, ‘ನಿಲ್ಲಿರಿ’ ಎಂದು ಓದುವಾಗ ನಮ್ಮ ಭಾಷೆ ಒಂದು ಸಣ್ಣ ಮೋಸ ಮಾಡುತ್ತದೆ. ಒಬ್ಬರೇ ಇದ್ದರೂ ಗೌರವಕ್ಕೆ ಹಾಗೇ ಹೇಳುತ್ತೇವಲ್ಲ, ಇದೂ ನನಗೊಬ್ಬನಿಗೇ ಹೇಳಿದ್ದು ಅನ್ನಿಸುತ್ತದೆ. ಪೌಲ ಹೇಳಿದ್ದು ಇಡೀ ಸಭೆಗೆ. ರೋಮಿನ ಸೈನಿಕರು ಗುರಾಣಿಗೆ ಗುರಾಣಿ ಜೋಡಿಸಿ ನಿಲ್ಲುತ್ತಿದ್ದರು. ಒಬ್ಬನ ಗುರಾಣಿ ಪಕ್ಕದವನಿಗೂ ಮರೆ. ಅದಕ್ಕೆ ಇಬ್ಬರ ಹೆಸರು ಮೊದಲೇ ಗೊತ್ತುಮಾಡಿಕೊಳ್ಳಿ, ನಡುರಾತ್ರಿ ಫೋನು ಮಾಡಿದರೂ ಬೇಸರಪಡದವರು, ಕೇಳಿದ್ದನ್ನು ನಾಳೆ ಓಣಿಗೆ ಹಂಚದವರು. ಎರಡನೆಯ ಗುಣದವರು ಸಿಗುವುದು ಕಷ್ಟ.

ಕೇಳಲು ಸಂಕೋಚ ಬೇಡ. ಆಯುಧಗಳನ್ನೆಲ್ಲ ವಿವರಿಸಿ ಮುಗಿಸಿದ ಪೌಲ, ಬೇಡಿಯಲ್ಲಿ ಕೂತು ಬರೆಯುತ್ತಿದ್ದವನು, ಕಡೆಗೆ ಕೇಳುವುದೇನು? ನನಗೋಸ್ಕರವೂ ಪ್ರಾರ್ಥಿಸಿರಿ, ಧೈರ್ಯವಾಗಿ ಮಾತಾಡುವಂತೆ. ಬಿಡುಗಡೆಯನ್ನೂ ಅಲ್ಲಿ ಕೇಳಲಿಲ್ಲ.

ಕಾಕಾನ ಗಾಯ ಈಗ ಅರ್ಧ ಮಾಯ್ದಿದೆ, ಒಂದು ಬೆರಳು ತೆಗೆಯಬೇಕಾಯಿತು. ಮಗನಿಗೆ ಇನ್ನೂ ಪಕ್ಕಾ ಕೆಲಸವಿಲ್ಲ. ಕ್ರಿಸ್ಮಸ್‌ಗೆ ಚಿಗವ್ವ ಕರ್ಜಿಕಾಯಿ ಮಾಡಿ, ಹಾಳೆಯಲ್ಲಿ ಹೆಸರಿದ್ದ ಆ ಎದುರು ಮನೆಗೂ ಒಂದು ತಾಟು ಕೊಟ್ಟುಬಂದಳು. ತಾಟು ಇನ್ನೂ ವಾಪಸು ಬಂದಿಲ್ಲ. ಅವಳೂ ಕೇಳಲು ಹೋಗಿಲ್ಲ.