ಎಲೆಕ್ಟ್ರಿಕ್ ಲಾರಿಗೆ ಬದಲಾಗುವ ಕೋಲಾರದ ಕಂಪನಿಗಳಿಗೆ: ಮೊದಲು ರೂಟು, ಆಮೇಲೆ ಕರೆಂಟು, ಕೊನೆಗೆ ಗಾಡಿ

ಲಾರಿ ಬುಕ್ ಮಾಡಿ ಆಮೇಲೆ ಬೆಸ್ಕಾಂಗೆ ಅರ್ಜಿ ಹಾಕಿದರೆ ಗಾಡಿ ಯಾರ್ಡಿಗೆ ಬಂದು ನಿಂತಿರುತ್ತದೆ, ಟ್ರಾನ್ಸ್‌ಫಾರ್ಮರ್ ಬಂದಿರುವುದಿಲ್ಲ. ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಯಾವ ಕಂಪನಿಯೇ ಆಗಲಿ, ಕೆಲಸ ಶುರುವಾಗಬೇಕಾದ್ದು ಟ್ರಿಪ್ ಶೀಟಿನಿಂದ.

ಮೂರು ತಿಂಗಳ ಶೀಟು ತೆಗೆದು ಪ್ರತಿ ಗಾಡಿ ದಿನಕ್ಕೆ ಎಷ್ಟು ಕಿ.ಮೀ. ಓಡಿದೆ, ಲೋಡು ಎಷ್ಟು ಟನ್, ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿದೆ ಎಂದು ಬರೆದುಕೊಳ್ಳಿ. ದಿನಕ್ಕೆ 150 ಕಿ.ಮೀ. ಒಳಗೆ ಓಡಿ ರಾತ್ರಿ ನಿಮ್ಮ ಯಾರ್ಡಿಗೇ ವಾಪಸ್ ಬರುವ ಗಾಡಿಗಳು ಮೊದಲು ಬದಲಾಗಲಿ. ನರಸಾಪುರದಿಂದ ಹೊಸಕೋಟೆ, ಬೆಂಗಳೂರಿನ ಗೋದಾಮಿಗೆ ಹೋಗಿಬರುವ ರೂಟು ಇದಕ್ಕೆ ಸರಿಹೊಂದುತ್ತದೆ. ಕೋಲಾರ ಮಂಡಿಯಿಂದ ಉತ್ತರ ಭಾರತಕ್ಕೆ ಹೋಗುವ ಟೊಮೆಟೊ ಲೋಡನ್ನು ಸದ್ಯಕ್ಕೆ ಮುಟ್ಟಬೇಡಿ.

ಲೋಡು ಸೇರಿ 40 ಟನ್ ತೂಗುವ ಟ್ರೇಲರ್ ಸಮತಟ್ಟಾದ ಹೆದ್ದಾರಿಯಲ್ಲಿ ಕಿ.ಮೀ.ಗೆ ಸುಮಾರು 1.1ರಿಂದ 1.4 ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟು ತಿನ್ನುತ್ತದೆ. 280 ಯೂನಿಟ್ ಬ್ಯಾಟರಿಯಲ್ಲಿ ಶೇ 80ನ್ನು ಮಾತ್ರ ಬಳಸುವ ಲೆಕ್ಕ ಇಟ್ಟುಕೊಂಡರೆ ಕೈಗೆ ಸಿಗುವುದು 224 ಯೂನಿಟ್, ಅಂದರೆ 1.4ರ ಲೆಕ್ಕದಲ್ಲಿ 160 ಕಿ.ಮೀ. ಗಾಡಿ ತಯಾರಿಸುವ ಕಂಪನಿಯ ಬ್ರೋಷರಿನಲ್ಲಿ ಎಷ್ಟೇ ಬರೆದಿರಲಿ, ನೀವು ನಂಬಬೇಕಾದ್ದು ಈ ಅಂಕಿಯನ್ನು.

ಚೆನ್ನೈ ರೂಟಿಗೆ ಇನ್ನೊಂದು ಲೆಕ್ಕ ಸೇರಿಸಬೇಕು. ಕೋಲಾರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ, ಚಿತ್ತೂರು ಸುಮಾರು 330 ಮೀಟರ್. ವಾಪಸ್ ಬರುವಾಗ 40 ಟನ್ನನ್ನು ಆ 490 ಮೀಟರ್ ಎತ್ತುವುದಕ್ಕೇ 53 ಯೂನಿಟ್ ಬೇಕು, ಮೋಟಾರಿನ ನಷ್ಟ ಸೇರಿದರೆ 60ರ ಹತ್ತಿರ. ರೇಂಜಿನಲ್ಲಿ ನಲವತ್ತಕ್ಕೂ ಹೆಚ್ಚು ಕಿ.ಮೀ. ಅಲ್ಲೇ ಹೋಯಿತು. ಹೋಗುವಾಗಿನ ಅಪಾಯ ಬೇರೆ ಥರದ್ದು. ಬ್ಯಾಟರಿ ಪೂರ್ತಿ ತುಂಬಿದ್ದರೆ ಇಳಿಜಾರಿನಲ್ಲಿ ಮೋಟಾರು ಹುಟ್ಟಿಸುವ ಕರೆಂಟಿಗೆ ಒಳಗೆ ಜಾಗ ಇರುವುದಿಲ್ಲ; ಮೋಟಾರಿನ ಬ್ರೇಕು ಸಡಿಲವಾಗಿ ಇಡೀ ಭಾರ ಗಾಳಿ ಬ್ರೇಕಿನ ಮೇಲೆ ಬಿದ್ದು ಚಕ್ರದ ಬ್ರೇಕ್ ಡ್ರಮ್ ಬಿಸಿಯೇರುತ್ತದೆ. ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವ ಗಾಡಿಗೆ ಮುಳಬಾಗಿಲಲ್ಲೇನಾದರೂ ಚಾರ್ಜ್ ಮಾಡಿದರೆ ಶೇ 85ಕ್ಕೆ ನಿಲ್ಲಿಸಿ.

ಇನ್ನು ಕರೆಂಟು. ಒಟ್ಟು ಐದು ಗಾಡಿ ಬದಲಿಸುವ ಯೋಜನೆ ಎಂದಿಟ್ಟುಕೊಳ್ಳಿ. ಐದು ಗಾಡಿ ಎಂದು ತಕ್ಷಣ ಐದು 120 ಕಿಲೋವ್ಯಾಟ್ ಚಾರ್ಜರ್ ಕೂಡಿಸಿ 600 ಕಿಲೋವ್ಯಾಟ್‌ಗೆ ಅರ್ಜಿ ಹಾಕುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಗಾಡಿಗೆ 200 ಯೂನಿಟ್ ಎಂದರೆ ರಾತ್ರಿಗೆ 1,000, ಚಾರ್ಜರ್ ನಷ್ಟ ಸೇರಿ 1,080. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಎಂಟು ಗಂಟೆಗೆ ಹಂಚಿದರೆ 135 ಕಿಲೋವ್ಯಾಟ್ ಅಷ್ಟೇ. ಎರಡು ಗನ್ನಿನ (ಗನ್ ಎಂದರೆ ಗಾಡಿಗೆ ಚುಚ್ಚುವ ಕೇಬಲ್ಲಿನ ತುದಿ) 60 ಕಿಲೋವ್ಯಾಟ್ ಚಾರ್ಜರ್ ಎರಡು, ಎರಡು ಗನ್ನಿನ 120 ಕಿಲೋವ್ಯಾಟ್ ಒಂದು ಹಾಕಿ, ಚಾರ್ಜರುಗಳಿಗೆ ಕರೆಂಟು ಹಂಚುವ ಲೋಡ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಯಲ್ಲಿ ಒಟ್ಟು ಮಿತಿಯನ್ನು 160 ಕಿಲೋವ್ಯಾಟ್‌ಗೆ ಕಟ್ಟಿ. ಆರು ಗನ್ ಇರುವುದರಿಂದ ಮಧ್ಯರಾತ್ರಿ ಯಾರೂ ಎದ್ದು ಗನ್ ಬದಲಿಸಬೇಕಾಗಿಲ್ಲ. ಗನ್ನಿಗೆ 30 ಕಿಲೋವ್ಯಾಟ್ ಸಿಕ್ಕರೂ ಏಳು ಗಂಟೆಯೊಳಗೆ 200 ಯೂನಿಟ್ ತುಂಬುತ್ತದೆ. 120ರ ದೊಡ್ಡ ಚಾರ್ಜರ್ ಹಗಲಿನ ತುರ್ತಿಗೂ ಆಗುತ್ತದೆ. 250 ಕೆವಿಎ ಟ್ರಾನ್ಸ್‌ಫಾರ್ಮರ್ ಸಾಕು, ಮುಂದೆ ಎರಡು ಗಾಡಿ ಸೇರಿದರೂ ತಡೆಯುತ್ತದೆ. ಮೀಟರ್ ಬೇರೆಯೇ ಇರಲಿ. ಕಾರ್ಖಾನೆಯ ಮೀಟರಿಗೇ ಸೇರಿಸಿದರೆ, ಸಂಜೆ ಯಂತ್ರಗಳು ಓಡುವಾಗ ಯಾರೋ ಗನ್ ಚುಚ್ಚಿದ ಒಂದೇ ದಿನಕ್ಕೆ ಗರಿಷ್ಠ ಬೇಡಿಕೆ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಕರೆಂಟು) ಏರಿ, ಅದರ ಮೇಲೆ ಹಾಕುವ ಆ ತಿಂಗಳ ಡಿಮಾಂಡ್ ಶುಲ್ಕ ಜಾಸ್ತಿಯಾಗುತ್ತದೆ. ಇ.ವಿ. ಚಾರ್ಜಿಂಗಿಗೆ ಇರುವ ಪ್ರತ್ಯೇಕ ದರ ನಿಮ್ಮ ಯಾರ್ಡಿಗೆ ಅನ್ವಯವಾಗುತ್ತದೆಯೇ ಎಂದು ಬೆಸ್ಕಾಂ ಉಪವಿಭಾಗದಿಂದ ಬರಹದಲ್ಲೇ ಪಡೆಯಿರಿ.

ಅರ್ಥಿಂಗ್ ಬಗ್ಗೆ ದಯವಿಟ್ಟು ಉದಾಸೀನ ಬೇಡ. ನಮ್ಮ ಕಡೆ ಕೆಂಪು ಮಣ್ಣಿನ ಕೆಳಗೆ ಬಂಡೆ. ಮಳೆಗಾಲದಲ್ಲಿ ಪರೀಕ್ಷೆ ಪಾಸಾದ ಅರ್ಥ್ ಗುಂಡಿ ಏಪ್ರಿಲ್‌ನಲ್ಲಿ ಒಣಗುತ್ತದೆ. ರಾತ್ರಿ ಒಂದು ಗಂಟೆಗೆ ಚಾರ್ಜರಿನ ಪರದೆಯಲ್ಲಿ ಕೆಂಪು ದೀಪ, ‘ಅರ್ಥ್ ಫಾಲ್ಟ್’. ಬೆಳಗ್ಗೆ ಐದಕ್ಕೆ ಡ್ರೈವರ್ ಬಂದು ನೋಡಿದರೆ ಬ್ಯಾಟರಿ ಶೇ 35ರಲ್ಲಿ ನಿಂತಿರುತ್ತದೆ. ಚಾರ್ಜರಿಗೇ ಎರಡು ಪ್ರತ್ಯೇಕ ಗುಂಡಿ ತೋಡಿಸಿ, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿಸಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2–3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅಂದೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಟ್ರೇಲರ್ ಸೇರಿ ಗಾಡಿ 16–18 ಮೀಟರ್ ಉದ್ದ, ಚಾರ್ಜರಿನ ಕೇಬಲ್ಲು ಸಾಮಾನ್ಯವಾಗಿ 5 ಮೀಟರ್, ಗನ್ ಚುಚ್ಚುವ ಜಾಗ ಕ್ಯಾಬಿನ್ನಿನ ಹತ್ತಿರ. ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬರುವ ಲೇನ್ ಇಲ್ಲದಿದ್ದರೆ ಪ್ರತಿ ರಾತ್ರಿ ಟ್ರೇಲರ್ ಕಳಚಬೇಕಾಗುತ್ತದೆ. ಚಾರ್ಜರಿನ ಮುಂದೆ ಕಬ್ಬಿಣದ ಗೂಟ ನೆಡಿಸಿ. ಕ್ರಷರ್ ಧೂಳು ಬರುವ ಕಡೆ ಚಾರ್ಜರಿನ ಗಾಳಿ ಫಿಲ್ಟರನ್ನು 15 ದಿನಕ್ಕೊಮ್ಮೆ ತೊಳೆಸಿ. ಅದು ಕಟ್ಟಿಕೊಂಡರೆ ಒಳಗೆ ಬಿಸಿಯೇರಿ ಚಾರ್ಜರು ತಾನಾಗಿ ಪವರ್ ಇಳಿಸುತ್ತದೆ.

ಗಾಡಿ ಆರಿಸುವಾಗ ಮಾರುವವರಿಂದ ಒಂದು ವಾರದ ಟ್ರಯಲ್ ಕೇಳಿ, ನಿಮ್ಮದೇ ಲೋಡು, ನಿಮ್ಮದೇ ರೂಟು. ಖಾಲಿ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ಹತ್ತಿಸಿ ತೂಕ ನೋಡಿ. ಬ್ಯಾಟರಿಯಿಂದ ಎರಡು ಟನ್ ಲೋಡು ಕಡಿಮೆಯಾದರೆ ಅದು 15 ಕೆ.ಜಿ.ಯ 130 ಬಾಕ್ಸ್ ಟೊಮೆಟೊಗೆ ಸಮ. ಬಾಡಿಗೆ ಲೆಕ್ಕದಲ್ಲಿ ಸೇರಿಸಲೇಬೇಕು. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ತೂಕದ ವರ್ಗಕ್ಕೆ ತಕ್ಕಂತೆ ಗಾಡಿಗೆ ಗರಿಷ್ಠ 9.6 ಲಕ್ಷ ರೂಪಾಯಿ ಪ್ರೋತ್ಸಾಹಧನ ಇದೆ, ಆದರೆ ಹಳೆ ಲಾರಿ ಗುಜರಿಗೆ ಹಾಕಿದ್ದಕ್ಕೆ ಸಿಗುವ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಬೇಕು. ಅದರ ನಿಯಮದಂತೆ ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿ.ಮೀ. ವಾರಂಟಿ, ಒಪ್ಪಂದದಲ್ಲಿ ಇದೇ ಅಂಕಿ ಇದೆಯೇ ಓದಿ ನೋಡಿ.

ಡ್ರೈವರುಗಳಿಗೆ ಕಲಿಸಬೇಕಾದ್ದು ಎರಡೇ. ಸಿಗ್ನಲ್ ದೂರದಲ್ಲಿ ಕಂಡಾಗಲೇ ಕಾಲು ತೆಗೆದು ಮೋಟಾರಿನ ಬ್ರೇಕಿನಿಂದ ನಿಧಾನ ಮಾಡುವುದು ಒಂದು. ಗನ್ ಚುಚ್ಚಿದ ಮೇಲೆ ಪರದೆಯಲ್ಲಿ ಯೂನಿಟ್ ಏರುವುದನ್ನು ಎರಡು ನಿಮಿಷ ನಿಂತು ನೋಡಿ ಹೋಗುವುದು ಇನ್ನೊಂದು. ಗನ್ ಲಾಕ್ ಆಗದೆ ರಾತ್ರಿಯೆಲ್ಲ ಸುಮ್ಮನೆ ನೇತಾಡಿದರೆ ಮರುದಿನದ ಟ್ರಿಪ್ಪೇ ತಪ್ಪುತ್ತದೆ. ಕಿ.ಮೀ.ಗೆ ಎಷ್ಟು ಯೂನಿಟ್ ಎಂದು ದಿನವೂ ಟ್ರಿಪ್ ಶೀಟಿನಲ್ಲೇ ಬರೆಸಿ. ಅದು ಒಮ್ಮೆಲೇ ಏರಿದರೆ ಮೊದಲು ಟೈರಿನ ಗಾಳಿ, ಆಮೇಲೆ ಹಿಡಿದುಕೊಂಡಿರುವ ಬ್ರೇಕು ನೋಡಿ.

ಮೊದಲ ಮೂರು ತಿಂಗಳು ಎರಡೇ ಗಾಡಿ ಓಡಿಸಿ, ಒಂದು ಡೀಸೆಲ್ ಲಾರಿಯನ್ನು ಎಫ್‌ಸಿ, ಇನ್ಶೂರೆನ್ಸ್ ಸಮೇತ ಸಿದ್ಧವಾಗಿಟ್ಟುಕೊಳ್ಳಿ. ಉಳಿದ ಮೂರರ ಆರ್ಡರ್ ಒಂದು ಬೇಸಿಗೆ ಕಳೆದ ಮೇಲೆ.