32 ಬಿಟ್ ಯುಇಎಫ್‌ಐ ಯಂತ್ರಕ್ಕೆ ಬೂಟ್ ಪೆನ್‌ಡ್ರೈವ್: ನನ್ನ ಅನುಭವ

‘ಪೆನ್‌ಡ್ರೈವ್‌ನಿಂದ ಇದು ಬೂಟ್ ಆಗೋದೇ ಇಲ್ಲ, ಗುಜರಿಗೆ ಹಾಕಿ’ ಅಂದವರು ಮೂವರು. ಅದೇ ಯಂತ್ರ ಈಗ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 12ರಲ್ಲಿ ಓಡುತ್ತಿದೆ. ಇಂಟೆಲ್ ಆಟಮ್ ಝಡ್3735ಎಫ್, 2 ಜಿಬಿ ರ್‍ಯಾಮ್, 32 ಜಿಬಿ ಇಎಂಎಂಸಿ ಸಂಗ್ರಹ ಇರುವ ಟೂ-ಇನ್-ಒನ್, ಅಂದರೆ ಕೀಬೋರ್ಡ್ ಜೋಡಿಸಬಹುದಾದ ಟ್ಯಾಬ್ಲೆಟ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಉಳಿದದ್ದು ಲಿನಕ್ಸ್ ಒಂದೇ.

ತಪ್ಪು ಪೆನ್‌ಡ್ರೈವ್‌ದಲ್ಲ. ಪ್ರೊಸೆಸರ್ 64 ಬಿಟ್, ಯುಇಎಫ್‌ಐ (ಯಂತ್ರವನ್ನು ಬೂಟ್ ಮಾಡಿಸುವ ಒಳತಂತ್ರಾಂಶ) 32 ಬಿಟ್, ಹಳೆಯ ಬಯೋಸ್ ರೀತಿಯ ಲೆಗಸಿ ಮೋಡ್ ಇಲ್ಲವೇ ಇಲ್ಲ. ಇಎಫ್‌ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರಿನಲ್ಲಿ ಈ ಯುಇಎಫ್‌ಐ ಹುಡುಕೋದು ‘ಬೂಟ್‌ಐಎ32.ಇಎಫ್‌ಐ’ ಕಡತವನ್ನು. ಬಹಳಷ್ಟು ಐಎಸ್‌ಒಗಳಲ್ಲಿ (ಇನ್‌ಸ್ಟಾಲ್‌ಗೆಂದು ಇಳಿಸಿಕೊಳ್ಳುವ ಡಿಸ್ಕ್ ಕಡತಗಳಲ್ಲಿ) ಇರೋದು ‘ಬೂಟ್‌ಎಕ್ಸ್64’ ಮಾತ್ರ. ಅದಕ್ಕೇ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರು ಬರಲ್ಲ, ಬಂದರೂ ಆರಿಸಿದ ಕೂಡಲೇ ವಾಪಸ್.

ಮೊದಲು ಮಿಂಟ್ ಎಂಬ ಲಿನಕ್ಸ್ ಹಿಡಿದೆ. ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ತಂತ್ರಾಂಶದಲ್ಲಿ ಡಿಡಿ ಮೋಡ್ (ಐಎಸ್‌ಒವನ್ನು ಇದ್ದ ಹಾಗೇ ನಕಲಿಸುವುದು) ಆರಿಸಿದರೆ ಕಡತ ಸೇರಿಸೋಕೆ ಜಾಗ ಸಿಗಲ್ಲ. ಐಎಸ್‌ಒ ಮೋಡ್‌ನಲ್ಲಿ, ಫ್ಯಾಟ್32ಕ್ಕೆ ಬರೆದು, ಆ ಒಂದು ಕಡತ ಹಾಕಿದೆ. ಲಿನಕ್ಸನ್ನು ಶುರುಮಾಡುವ ಗ್ರಬ್ ಎಂಬ ಪ್ರೋಗ್ರಾಮಿನ ಮೆನು ಬಂತು, ಇನ್‌ಸ್ಟಾಲ್ ಕೊನೆಯವರೆಗೂ ಹೋಯಿತು, ಕೊನೆಗೆ ಗ್ರಬ್ ಹಾಕುವಾಗ ಬಿತ್ತು. ಮಿಂಟ್ 64 ಬಿಟ್ ಗ್ರಬ್ಬನ್ನೇ ಕೂರಿಸಲು ಹೋಗುತ್ತದೆ. ಕ್ರೂಟ್ ಮಾಡಿ (ಹೊಸದಾಗಿ ಹಾಕಿದ ಲಿನಕ್ಸಿನೊಳಗೆ ಹೊಕ್ಕು) ‘ಗ್ರಬ್-ಇಎಫ್‌ಐ-ಐಎ32’ ಹಾಕಿದರೆ ಸರಿಹೋಗುತ್ತದೆ, ಆದರೆ ಎರಡು ಸಂಜೆ ಹಾಳು.

ಡೆಬಿಯನ್ 12ರ 64 ಬಿಟ್ ನೆಟ್‌ಇನ್‌ಸ್ಟ್‌ನಲ್ಲಿ (ಉಳಿದದ್ದನ್ನು ನೆಟ್‌ನಿಂದ ಇಳಿಸಿಕೊಳ್ಳುವ ಚಿಕ್ಕ ಐಎಸ್‌ಒ) ಎರಡೂ ಬೂಟ್ ಕಡತಗಳಿವೆ, ಯುಇಎಫ್‌ಐ 32 ಬಿಟ್ ಅಂತ ತಾನೇ ಗುರುತಿಸಿ ಸರಿಯಾದ ಗ್ರಬ್ ಹಾಕುತ್ತದೆ. ಐಎಸ್‌ಒ ಸುಮಾರು 650 ಎಂಬಿ, 2 ಜಿಬಿಯ ಹಳೇ ಪೆನ್‌ಡ್ರೈವ್ ಸಾಕು. ಲಿನಕ್ಸ್‌ನಲ್ಲಿ ಡಿಡಿ ಆಜ್ಞೆಯಿಂದ ಬರೆಯುವಾಗ ಗುರಿ ಎಸ್‌ಡಿಬಿ (ಇಡೀ ಪೆನ್‌ಡ್ರೈವ್), ಎಸ್‌ಡಿಬಿ1 (ಅದರೊಳಗಿನ ಒಂದು ಪಾರ್ಟಿಷನ್) ಅಲ್ಲ. ಪಾರ್ಟಿಷನ್‌ಗೆ ಬರೆದರೆ ಬರೆಯೋದೇನೋ ಬರೆಯುತ್ತೆ, ಬೂಟ್ ಮಾತ್ರ ಆಗಲ್ಲ. ಅದಕ್ಕೂ ಮೊದಲು ಸಾಧನದ ಹೆಸರನ್ನು ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಲ್ಲಿ ಎರಡು ಸಲ ನೋಡಿ. ಸಹಿ ಇಲ್ಲದ ಬೂಟ್ ಕಡತಗಳನ್ನು ತಡೆಯುವ ಸೆಕ್ಯೂರ್ ಬೂಟನ್ನು ಆಫ್ ಮಾಡಿದ್ದೆ.

ದುಡ್ಡು ಹೋದದ್ದು ಬೇರೆ ಕಡೆ. ಇರೋದು ಒಂದೇ ಮೈಕ್ರೋ ಯುಎಸ್‌ಬಿ. ಕೀಬೋರ್ಡೂ ಪೆನ್‌ಡ್ರೈವೂ ಒಟ್ಟಿಗೆ ಬೇಕು. ಒಟಿಜಿ ಹಬ್‌ಗೆ ಇನ್ನೂರೈವತ್ತರ ಸುಮಾರು ಕೊಟ್ಟೆ. ಮೊದಲು ತಂದ ನೂರರ ಹಬ್ಬು ಇನ್‌ಸ್ಟಾಲ್ ಮಧ್ಯೆ ಪೆನ್‌ಡ್ರೈವ್‌ನ ಸಂಪರ್ಕವನ್ನೇ ಬಿಡುತ್ತಿತ್ತು. ಬೀದಿಬದಿಯ ‘64 ಜಿಬಿ’ ಪೆನ್‌ಡ್ರೈವನ್ನು ಎಫ್3 ತಂತ್ರಾಂಶದಲ್ಲಿ ಪರೀಕ್ಷಿಸಿದರೆ ನಿಜವಾಗಿದ್ದದ್ದು 8 ಜಿಬಿಗೂ ಕಡಿಮೆ. ಒಟ್ಟು ಖರ್ಚು ಐನೂರು ದಾಟಲಿಲ್ಲ, ಇದೇ ಕೆಲಸಕ್ಕೆ ಅಂಗಡಿಯವರು ಕೇಳಿದ್ದು ಅದರ ಮೂರು ಪಟ್ಟು!

ಹಬ್‌ಗೆ ಚಾರ್ಜರ್ ಹಾಕಿದರೂ ಟ್ಯಾಬ್ಲೆಟ್ ಚಾರ್ಜ್ ಆಗಲ್ಲ, ಹಾಗಾಗಿ ಬ್ಯಾಟರಿ ತುಂಬಿಸಿಕೊಂಡೇ ಕೂರಬೇಕು.

ಪ್ರೊಸೆಸರ್ ಇಂಟೆಲ್‌ನ ಬೇ ಟ್ರೇಲ್ ಪೀಳಿಗೆಯದಾದ್ದರಿಂದ ಇದ್ದಕ್ಕಿದ್ದಂತೆ ಹೆಪ್ಪುಗಟ್ಟುವ ಕಾಟ ಬಂದೇ ಬಂತು. ಗ್ರಬ್ಬಿನ ಕರ್ನೆಲ್ ಸಾಲಿಗೆ ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಸೇರಿಸಿ, ಪ್ರೊಸೆಸರ್ ಗಾಢ ನಿದ್ದೆಗೆ ಹೋಗದಂತೆ ಮಾಡಿದ ಮೇಲೆ ನಿಂತಿತು. ಬ್ಯಾಟರಿ ಮುಕ್ಕಾಲು ಗಂಟೆ ಬೇಗ ಖಾಲಿಯಾಗುತ್ತೆ, ಪರವಾಗಿಲ್ಲ. ಹಗುರವಾದ ಡೆಸ್ಕ್‌ಟಾಪ್ ಎಲ್‌ಎಕ್ಸ್‌ಕ್ಯೂಟಿ ಜೊತೆ, ಮೆಮೊರಿಯನ್ನು ಕುಗ್ಗಿಸಿ ಬಳಸುವ ಝಡ್‌ರ್‍ಯಾಮ್ ಹಾಕಿದೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ನಿರಾಯಾಸ, ಆರನೆಯದಕ್ಕೆ ಏದುಸಿರು. ವೈಫೈ ಹಿಡಿಯಿತು, ಸದ್ದೂ ಬಂತು. ಕ್ಯಾಮೆರಾ ಮಾತ್ರ ಇನ್ನೂ ಸತ್ತೇ ಇದೆ.